ಬೀಗ ಹಾಕಿದ ಮನೆಗಳನ್ನೂ ಲೆಕ್ಕಕ್ಕೆ ಹಿಡಿದ ಸರ್ವೆ

ನನ್ನ ಪಿಎಚ್‌ಡಿ ವಿಷಯ ಗುಳೆ, ಅಂದರೆ ಕೂಲಿಗಾಗಿ ಊರು ಬಿಟ್ಟು ಹೋಗಿ ಬರೋದು. ರಾಯಚೂರು ಜಿಲ್ಲೆಯಿಂದ ಬೆಂಗಳೂರು, ಹೈದರಾಬಾದ್, ಪುಣೆ ಕಡೆ ದುಡಿಯಲು ಹೋಗುವ ಕುಟುಂಬಗಳಲ್ಲಿ 6ರಿಂದ 14 ವರ್ಷದ ಮಕ್ಕಳ ಓದು ಏನಾಗುತ್ತದೆ ಅನ್ನೋದು ನನ್ನ ಪ್ರಶ್ನೆ. ಯಾವ ಮಗುವನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ? ಯಾವುದನ್ನು ಅಜ್ಜಿ ಹತ್ತಿರ ಬಿಡುತ್ತಾರೆ? ಊರಲ್ಲಿ ಉಳಿದ ಮಗು ಶಾಲೆಗೆ ಹೋಗುತ್ತಾ, ಹೋಗಿದ್ದ ಮಗು ವಾಪಸ್ ಬಂದಮೇಲೆ ಮತ್ತೆ ಅದೇ ತರಗತಿಯಲ್ಲಿ ಕೂರುತ್ತಾ? ಕೇಳಲು ಸರಳ. ಆದರೆ ಇದನ್ನು ಯಾರನ್ನು ಕೇಳಬೇಕು ಅಂತ ತೀರ್ಮಾನ ಮಾಡೋದರಲ್ಲೇ ತಿಂಗಳುಗಟ್ಟಲೆ ಹೋಯಿತು. ಈಗ ಸಂಶೋಧನೆ ಶುರು ಮಾಡಿರುವ ಹುಡುಗ ಹುಡುಗಿಯರು ಫೋನ್ ಮಾಡಿ, "ಅಕ್ಕಾ, ಸ್ಯಾಂಪ್ಲಿಂಗ್ ಅಂತ ಒಂದು ಪ್ಯಾರಾ ಬರೀಬೇಕಲ್ಲ, ಏನು ಬರೀಲಿ?" ಅಂತ ಕೇಳುತ್ತಾರೆ. ಎಲ್ಲರನ್ನೂ ಕೇಳೋಕಾಗದಾಗ ಯಾರನ್ನು ಕೇಳಬೇಕು ಅಂತ ಆರಿಸೋದೇ ಸ್ಯಾಂಪ್ಲಿಂಗ್, ಒಂದು ಪ್ಯಾರಾದಲ್ಲಿ ಮುಗಿಯುವ ಮಾತಲ್ಲ ಅದು. ಅದಕ್ಕೇ ನಾನು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಗುಳೆ ಹೋದವರು ಅಂದರೆ ಯಾರು ಅಂತ ಗೆರೆ ಎಳೆಯಬೇಕಿತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಯವರ 2007-08ರ 64ನೇ ಸುತ್ತಿನಲ್ಲಿ ಅಲ್ಪಾವಧಿ ವಲಸೆ ಅಂದರೆ, ಹಿಂದಿನ 365 ದಿನದಲ್ಲಿ ಒಂದು ತಿಂಗಳಿಗಿಂತ ಕಡಿಮೆ ಇಲ್ಲದೆ, ಆರು ತಿಂಗಳು ಮುಟ್ಟದೆ ಕೆಲಸಕ್ಕಾಗಿ ಹೊರಗಿದ್ದವರು. ದೇವದುರ್ಗದ ಕಡೆ ಈ ಅಳತೆ ಹಿಡಿಸುವುದಿಲ್ಲ. ಅಲ್ಲಿ ಕೆಲವರು ಬಿತ್ತನೆಗೆ ಬಂದು, ಬೆಳೆ ಮನೆಗೆ ಬಂದಮೇಲೆ ಹೊರಟುಬಿಡುತ್ತಾರೆ. ಇನ್ನು ಕೆಲವರು ವರ್ಷದಲ್ಲಿ ಬಹುಪಾಲು ಬೆಂಗಳೂರಲ್ಲೇ ಇದ್ದು, ಹಬ್ಬಕ್ಕೂ ಜಾತ್ರೆಗೂ ಮಾತ್ರ ಊರು ನೋಡುತ್ತಾರೆ. ಅವರ ರೇಷನ್ ಕಾರ್ಡು, ಓಟು, ಹೊಲ, ಮನೆ, ದೇವರು ಎಲ್ಲಾ ಇಲ್ಲೇ. ಅವರನ್ನು ಕಾಯಂ ಊರು ಬಿಟ್ಟವರು ಅನ್ನೋಕಾಗುತ್ತದಾ? ಅದಕ್ಕೆ ನಾನೂ ನನ್ನ ಗೈಡೂ ಕೂತು ಬೇರೆ ಗೆರೆ ಎಳೆದೆವು. ಹಿಂದಿನ 12 ತಿಂಗಳಲ್ಲಿ ಮನೆಯ ಒಬ್ಬರಾದರೂ ಕೂಲಿಗಾಗಿ ಒಂದು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಹೊರಗಿದ್ದು, ಊರಲ್ಲಿ ಮನೆಯನ್ನು ಇನ್ನೂ ಉಳಿಸಿಕೊಂಡಿದ್ದರೆ ಅದು ಗುಳೆ ಮನೆ. ಆರು ತಿಂಗಳ ಮಿತಿಯನ್ನು ತೆಗೆದೇ ಹಾಕಿದೆವು.

ಇನ್ನು ಎಷ್ಟು ಮನೆ? ಇಲ್ಲಿ ಎಲ್ಲರ ಬಾಯಲ್ಲೂ 384 ಅನ್ನೋ ಒಂದು ಸಂಖ್ಯೆ ಇದೆ. ಯಾವ ವಿಶ್ವವಿದ್ಯಾಲಯದ ಥೀಸಿಸ್ ತೆಗೆದರೂ ಸಿಗುತ್ತದೆ. ಕ್ರೆಜ್ಸಿ ಮತ್ತು ಮಾರ್ಗನ್ ಅನ್ನುವವರು 1970ರಲ್ಲಿ ಕೊಟ್ಟ ಟೇಬಲ್ ನೋಡಿದರೂ ಜನಸಂಖ್ಯೆ ದೊಡ್ಡದಾದಂತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅದರ ಹುಟ್ಟು ಸುಲಭ. 95 ಶೇಕಡಾ ಭರವಸೆ ಬೇಕಂದರೆ ಸೂತ್ರದಲ್ಲಿ ಬರುವ ಸಂಖ್ಯೆ 1.96, ಅದರ ವರ್ಗವನ್ನು ಅರ್ಧದಿಂದ, ಮತ್ತೆ ಅರ್ಧದಿಂದ ಗುಣಿಸಿ, 5 ಶೇಕಡಾ (0.05) ತಪ್ಪಿನ ವರ್ಗದಿಂದ ಭಾಗಿಸಿದರೆ 384.16. ಆದರೆ ಈ ಲೆಕ್ಕದ ಹಿಂದೆ ಒಂದು ಷರತ್ತು ಇದೆ. ಇಡೀ ಜಿಲ್ಲೆಯ ಮನೆಗಳ ಒಂದೇ ಪಟ್ಟಿಯಿಂದ, ಒಂದೊಂದೇ ಮನೆಯನ್ನು ಚೀಟಿ ಎತ್ತಿದ ಹಾಗೆ ಆರಿಸಿರಬೇಕು. ಅಂಥ ಪಟ್ಟಿ ಯಾರ ಹತ್ತಿರ ಇದೆ? ನಾವೆಲ್ಲ ಮಾಡೋದು ಮೊದಲು ಊರು ಆರಿಸಿ, ಆಮೇಲೆ ಊರೊಳಗೆ ಮನೆ ಆರಿಸೋದು. ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುತ್ತವೆ, ಅದರಲ್ಲೂ ಗುಳೆಯ ವಿಷಯದಲ್ಲಿ ಇನ್ನೂ ಜಾಸ್ತಿ. ಮುಂಗಡ ಕೊಟ್ಟು ಕೂಲಿಗೆ ಕರೆದೊಯ್ಯುವ ಒಬ್ಬ ಮೇಸ್ತ್ರಿ ಬಂದರೆ ಇಡೀ ಓಣಿಯೇ ಖಾಲಿಯಾಗುತ್ತದೆ. ಹಾಗಾಗಿ ಒಂದೇ ಓಣಿಯ ಹತ್ತು ಮನೆ ಕೇಳಿದರೂ ಸಿಗುವ ಹೊಸ ವಿಷಯ ಹತ್ತು ಮನೆಯಷ್ಟು ಇರುವುದಿಲ್ಲ. ಈ ಕೊರತೆ ತುಂಬೋಕೆ ಎಷ್ಟು ಪಟ್ಟು ಮನೆ ಬೇಕು ಅನ್ನೋದಕ್ಕೆ ಡಿಸೈನ್ ಎಫೆಕ್ಟ್ ಅಂತಾರೆ. ನಾವು ಅದನ್ನು 2 ಅಂತ ಹಿಡಿದೆವು. 384ರ ಎರಡು ಪಟ್ಟು 768. ಅದು 32 ಊರು, ಊರಿಗೆ 24 ಮನೆ ಅಂತ ಸರಿಯಾಗಿ ಕೂತಿತು. ಗೈಡ್ ಸರ್ ಮೊದಲು ಹುಬ್ಬೇರಿಸಿದರು. ಲೆಕ್ಕ ತೋರಿಸಿದ ಮೇಲೆ, "ಹಂಗಾರ ಊರು ಜಾಸ್ತಿ ಮಾಡು, ಊರಾಗಿನ ಮನಿ ಜಾಸ್ತಿ ಮಾಡಬ್ಯಾಡ" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ದುಡ್ಡು ಇದ್ದರೆ ಅದನ್ನು ಹೊಸ ಊರಿಗೆ ಹೋಗುವ ಬಸ್ಸಿಗೆ ಖರ್ಚು ಮಾಡಬೇಕು.

ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಹಿಚುಕಿದರೆ ಸಾಕು ಅಂತ ಸ್ಯಾಂಪ್ಲಿಂಗ್ ಪಾಠದಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ರಾಯಚೂರು ಜಿಲ್ಲೆ ಒಂದೇ ಪಾತ್ರೆಯಲ್ಲಿ ಬೆಂದ ಅನ್ನ ಅಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್ ಹರಿದು ಬರುತ್ತದೆ. ಸಿಂಧನೂರಿನ ಕಡೆ ಅದರ ನೀರಿನಲ್ಲಿ ಭತ್ತ ಬೆಳೆಯುತ್ತಾರೆ, ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಿವೆ, ರೈಸ್ ಮಿಲ್ಲುಗಳಿವೆ, ನಾಟಿ ಮಾಡೋಕೆ ಬೇರೆ ಕಡೆಯಿಂದ ಕೂಲಿಯವರೇ ಬರುತ್ತಾರೆ. ಮಾನ್ವಿ, ರಾಯಚೂರು ತಾಲ್ಲೂಕಿನ ಕೊನೇ ಭಾಗಕ್ಕೆ ಬಂದರೆ ಕಾಲುವೆ ಕಣ್ಣಿಗೆ ಕಾಣುತ್ತದೆ, ನೀರು ಬರುತ್ತದೋ ಇಲ್ಲವೋ ಅನ್ನೋದು ಪ್ರತಿ ವರ್ಷದ ಜಗಳ. ದೇವದುರ್ಗ, ಲಿಂಗಸುಗೂರಿನ ಎಷ್ಟೋ ಊರುಗಳು ಇನ್ನೂ ಮಳೆಯನ್ನೇ ನಂಬಿವೆ, ನಾರಾಯಣಪುರ ಬಲದಂಡೆ ನೀರು ಮುಟ್ಟಿದ ಊರಿನ ಕಥೆ ಬೇರೆ, ಮುಟ್ಟದ ಊರಿನ ಕಥೆ ಬೇರೆ. ಈ ಜಿಲ್ಲೆಯಲ್ಲಿ ಕಣ್ಣು ಮುಚ್ಚಿ 32 ಊರು ಎತ್ತಿದರೆ ನೀರಾವರಿ ಊರುಗಳೇ ಜಾಸ್ತಿ ಬಂದುಬಿಡಬಹುದು. ಆಗ ಗುಳೆ ಅಷ್ಟೇನಿಲ್ಲ ಅಂತ ವರದಿ ಬರುತ್ತದೆ.

ಅದಕ್ಕೆ ಊರುಗಳನ್ನು ಮೊದಲು ಮೂರು ಪದರ ಮಾಡಿದೆವು. ಕಾಲುವೆ ನೀರು ನೆಚ್ಚಬಹುದಾದ ಊರು, ಕಾಲುವೆಯ ಕೊನೇ ಭಾಗದ ಊರು, ಒಣ ಬೇಸಾಯದ ಊರು. ಮೊದಲ ಎರಡಕ್ಕೆ 8, 8. ಒಣ ಊರುಗಳಿಗೆ 16. ಇದೇ ಸ್ಟ್ರಾಟಿಫೈಡ್ ಸ್ಯಾಂಪ್ಲಿಂಗ್. ಒಣ ಊರುಗಳಿಗೆ ಬೇಕಂತಲೇ ಜಾಸ್ತಿ ಪಾಲು ಕೊಟ್ಟಿದ್ದು. ಯಾಕಂದರೆ ನನ್ನ ಪ್ರಶ್ನೆಯ ಜೀವ ಇರೋದು ಅಲ್ಲಿ. ಆದರೆ ಹಾಗೆ ಕೊಟ್ಟಮೇಲೆ ಇಡೀ ಜಿಲ್ಲೆಯ ಶೇಕಡಾವಾರು ಹೇಳುವಾಗ ಪ್ರತಿ ಮನೆಗೂ ಅದರ ತೂಕ, ಅಂದರೆ ಆ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಂತಿದೆ ಅನ್ನೋದನ್ನು, ಲೆಕ್ಕ ಹಾಕಿ ಸರಿದೂಗಿಸಲೇಬೇಕು. ಪದರ ಮಾಡಿ, ತೂಕ ಮರೆತು, ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದ ಥೀಸಿಸ್‌ಗಳನ್ನು ನಾನು ಓದಿದ್ದೇನೆ. ಬೇಜಾರಾಗುತ್ತದೆ. ಅಷ್ಟು ಕಷ್ಟಪಟ್ಟು ಬಿಸಿಲಲ್ಲಿ ಓಡಾಡಿ ತಂದ ಉತ್ತರಗಳು ಕೊನೆಗೆ ಯಾವ ಊರಿನ ಮಾತನ್ನೂ ಸರಿಯಾಗಿ ಹೇಳುವುದಿಲ್ಲ.

ಪ್ರತಿ ಪದರದೊಳಗೆ ಊರು ಆರಿಸೋಕೆ ಜನಸಂಖ್ಯೆಯ ಅನುಪಾತದ ಪದ್ಧತಿ ಹಿಡಿದೆವು. ಊರುಗಳ ಹೆಸರು ಸಾಲಾಗಿ ಬರೆದು, ಮುಂದೆ ಜನಸಂಖ್ಯೆ ಕೂಡಿಸುತ್ತಾ ಹೋಗೋದು. ಉದಾಹರಣೆಗೆ ಪಟ್ಟಿಯ ಕೊನೆಗೆ ಒಟ್ಟು 1,60,000 ಬಂತು, ನಮಗೆ 16 ಊರು ಬೇಕು ಅಂದರೆ 10,000ಕ್ಕೆ ಒಂದು. ಒಂದರಿಂದ ಹತ್ತು ಸಾವಿರದೊಳಗೆ ಒಂದು ಸಂಖ್ಯೆ ಕಂಪ್ಯೂಟರ್‌ನಿಂದ ತೆಗೆಯಬೇಕು, 3,417 ಬಂತು ಅನ್ನಿ. ಕೂಡಿಸಿದ ಸಾಲಿನಲ್ಲಿ 3,417, 13,417, 23,417 ಯಾವ ಊರಿನಲ್ಲಿ ಬೀಳುತ್ತವೋ ಅವೇ ನಮ್ಮ ಊರು. ದೊಡ್ಡ ಊರಿಗೆ ಆಯ್ಕೆಯಾಗುವ ಅವಕಾಶ ಜಾಸ್ತಿ. ಆದರೆ ಅಲ್ಲಿಂದಲೂ ತೆಗೆಯೋದು 24 ಮನೆ ಮಾತ್ರ, ಹಾಗಾಗಿ ಅಲ್ಲಿನ ಒಂದೊಂದು ಮನೆಗೆ ಅವಕಾಶ ಕಡಿಮೆ. ಎರಡನ್ನೂ ಗುಣಿಸಿದರೆ ಆ ಪದರದ ದೊಡ್ಡ ಊರಿನ ಮನೆಗೂ ಸಣ್ಣ ಊರಿನ ಮನೆಗೂ ಅವಕಾಶ ಸಮ. ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರೂ ಹಳ್ಳಿಗಳನ್ನು ಹೀಗೇ ಆರಿಸುತ್ತಾರೆ, ಒಂದು ಕಡೆ 22 ಮನೆ ತೆಗೆಯುತ್ತಾರೆ.

ಆದರೆ ಇಲ್ಲಿ ಗುಳೆಯ ಜಿಲ್ಲೆಗಷ್ಟೇ ಅನ್ವಯಿಸುವ ಒಂದು ತೊಡಕು ಇದೆ, ಇದನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿರಲಿಲ್ಲ. ನಮ್ಮ ಕೈಲಿದ್ದ ಜನಸಂಖ್ಯೆ 2011ರ ಜನಗಣತಿಯದು. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಹಳೇದು ಅನ್ನೋದು ಒಂದು. ಅದಕ್ಕಿಂತ ಮುಖ್ಯವಾದದ್ದು, ಆ ಗಣತಿಯಲ್ಲಿ ಜನರನ್ನು ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. ಅಷ್ಟೂ ದಿನ ಊರಲ್ಲಿ ಇಲ್ಲದವರನ್ನು ಊರಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಫೆಬ್ರವರಿ ಅಂದರೆ ನಮ್ಮ ಒಣ ಊರುಗಳು ಖಾಲಿ ಇರುವ ಕಾಲ! ಅಂದರೆ ಯಾವ ಊರಿಂದ ಜಾಸ್ತಿ ಜನ ಗುಳೆ ಹೋಗುತ್ತಾರೋ ಆ ಊರು ಗಣತಿಯ ಪಟ್ಟಿಯಲ್ಲಿ ಇರುವುದಕ್ಕಿಂತ ಸಣ್ಣದಾಗಿ ಕಾಣುತ್ತದೆ, ಸಣ್ಣದಾಗಿ ಕಂಡಿದ್ದಕ್ಕೆ ಆಯ್ಕೆಯಾಗುವ ಅವಕಾಶವೂ ಕಡಿಮೆಯಾಗುತ್ತದೆ. ಇದಕ್ಕೆ ನಾವು ಮಾಡಿದ್ದು ಇಷ್ಟು. ಆಯ್ಕೆಯಾದ ಪ್ರತಿ ಊರಿನಲ್ಲೂ ಮನೆಗಳನ್ನು ನಾವೇ ಹೊಸದಾಗಿ ಎಣಿಸಿ, ಆ ಎಣಿಕೆಯನ್ನು ತೂಕದ ಲೆಕ್ಕಕ್ಕೆ ತಂದೆವು.

ಮನೆ ಎಣಿಸೋದು ಅಂದರೆ ಸುಮ್ನೆ ಅಲ್ಲ. ಪಟ್ಟಿಗಳು ಬೇಕಾದಷ್ಟಿವೆ. ಮತದಾರರ ಪಟ್ಟಿ ಇದೆ, ಊರು ಬಿಟ್ಟವರ ಹೆಸರೂ ಅದರಲ್ಲಿ ಉಳಿದಿರುತ್ತದೆ, ಹೊಸದಾಗಿ ಬೇರೆಯಾದ ಮನೆ ತಿಳಿಯುವುದಿಲ್ಲ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಪಟ್ಟಿ ಇದೆ, ಕಾರ್ಡ್ ಮಾಡಿಸದವರು ಅದರಲ್ಲಿ ಇಲ್ಲ. ಶಾಲೆಯ ದಾಖಲಾತಿ ಪುಸ್ತಕ ಇದೆ, ಆದರೆ ನಾನು ಹುಡುಕುತ್ತಿರೋದೇ ಶಾಲೆ ತಪ್ಪಿದ ಮಕ್ಕಳನ್ನಲ್ವಾ? ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಅಂಗನವಾಡಿ ಟೀಚರ್ ಇಟ್ಟಿರುವ ಕುಟುಂಬ ಸಮೀಕ್ಷೆಯ ಪುಸ್ತಕ. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಯಾವ ಸೊಸೆ ಬಸುರಿ, ಯಾರು ಯಾವಾಗ ಹೋದರು ಅನ್ನೋದು ಅವರಿಗೆ ಬಾಯಿಪಾಠ. ಆದರೂ ಆ ಪುಸ್ತಕವನ್ನು ಹಾಗೇ ನಕಲು ಮಾಡಿಕೊಳ್ಳದೆ, ಅವರನ್ನೇ ಜೊತೆಗೆ ಕರೆದುಕೊಂಡು ಓಣಿ ಓಣಿ ನಡೆದೆವು.

ನಡೆದಿದ್ದಕ್ಕೇ ದೊಡ್ಡಿಗಳು ಸಿಕ್ಕವು. ಲಿಂಗಸುಗೂರು, ದೇವದುರ್ಗದ ಕಡೆ ಹೊಲದ ನಡುವೆ ಎಂಟು ಹತ್ತು ಮನೆ ಸೇರಿ ಒಂದು ದೊಡ್ಡಿ ಇರುತ್ತದೆ. ಕಂದಾಯ ಗ್ರಾಮದ ಪಟ್ಟಿಯಲ್ಲಿ ಇವಕ್ಕೆ ಬೇರೆ ಸಾಲು ಇರುವುದಿಲ್ಲ, ಮೂಲ ಊರಿನ ಲೆಕ್ಕದಲ್ಲೇ ಬರುತ್ತವೆ. ಸರ್ವೆಗೆ ಬಂದವರು ಊರ ಮುಂದಿನ ಕಟ್ಟೆ, ಪಂಚಾಯಿತಿ, ಶಾಲೆ, ಅದರ ಸುತ್ತಲ ಓಣಿ ಮುಗಿಸಿ ಬಸ್ಸು ಹತ್ತಿದರೆ ದೊಡ್ಡಿ ಉಳಿದೇ ಹೋಗುತ್ತದೆ. ತಾಂಡಾಗಳದ್ದೂ ಹಾಗೇ. ಶಾಲೆಯಿಂದ ದೂರ ಇರುವ ಮಕ್ಕಳು ಇರೋದೇ ಅಲ್ಲಿ. ನಾವು ಒಂದು ನಿಯಮ ಮಾಡಿಕೊಂಡೆವು: ಮೂಲ ಊರು ಆಯ್ಕೆಯಾದರೆ ಅದಕ್ಕೆ ಸೇರಿದ ದೊಡ್ಡಿ, ತಾಂಡಾ ಎಲ್ಲವೂ ಪಟ್ಟಿಯಲ್ಲಿ ಬರಬೇಕು. 24 ಮನೆಯೂ ಸಿಗದಷ್ಟು ಸಣ್ಣ ಊರಾದರೆ ಪಕ್ಕದ ಊರನ್ನು ಸೇರಿಸಿ ಒಂದು ಘಟಕ ಮಾಡಬೇಕು, ಅದೂ ಆಯ್ಕೆ ಶುರುವಾಗುವ ಮೊದಲೇ. ಊರಿಗೆ ಹೋದಮೇಲೆ ಸಾಕಾಗಲಿಲ್ಲ ಅಂತ ಸೇರಿಸೋ ಹಾಗಿಲ್ಲ.

ಊರೊಳಗೆ ಮನೆ ಆರಿಸಿದ್ದು ಕ್ರಮಬದ್ಧ ಪದ್ಧತಿಯಲ್ಲಿ. ಒಂದು ಊರಿನದನ್ನು ಹೇಳುತ್ತೇನೆ, ಹೆಸರು ಬೇಡ, ಭಾಗವಹಿಸಿದವರಿಗೆ ಹಾಗೆ ಮಾತು ಕೊಟ್ಟಿದ್ದೇನೆ. ಅಲ್ಲಿ 6ರಿಂದ 14ರ ಮಕ್ಕಳಿರುವ ಮನೆ 312 ಬಂದವು. 24ರಿಂದ ಭಾಗಿಸಿದರೆ 13. ಅಂದರೆ ಪ್ರತಿ ಹದಿಮೂರನೇ ಮನೆ. ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನು ಮಾತ್ರ ಅದೃಷ್ಟಕ್ಕೆ ಬಿಡಬೇಕು. ಅಷ್ಟರಲ್ಲಿ ಪಂಚಾಯಿತಿ ಮೆಂಬರ್ ಒಬ್ಬರು ಬಂದರು. ಒಳ್ಳೇ ಮನುಷ್ಯ, ಚಹಾ ತರಿಸಿದರು. "ಮೇಡಂರ, ನೀವು ಹಿಂಗ ಲೆಕ್ಕ ಹಾಕ್ಕೊಂತ ಕುಂತ್ರ ಹೆಂಗ? ನಮ್ಮ ಓಣ್ಯಾಗ ಬರ್ರಿ, ಖರೇ ಬಡವ್ರು ಅಲ್ಲೆ ಅದಾರ" ಅಂದರು. ಅವರ ಮಾತಲ್ಲಿ ಸುಳ್ಳಿರಲಿಲ್ಲ. ಆ ಓಣಿಯಲ್ಲಿ ಬಡವರು ಇದ್ದರು. ಆದರೆ ಅವರು ತೋರಿಸಿದ ಓಣಿಗೆ ಹೋದರೆ ಅದು ಅವರ ಕಣ್ಣಿಗೆ ಬಿದ್ದ ಬಡತನದ ಸರ್ವೆ ಆಗುತ್ತದೆ.

ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಎಲ್ಲರ ಎದುರಿಗೇ 1ರಿಂದ 13ರವರೆಗೆ ಚೀಟಿ ಬರೆದೆವು. ಅಲ್ಲೇ ಆಡುತ್ತಿದ್ದ ಒಂದು ಹುಡುಗಿಯನ್ನು ಕರೆದು ಒಂದು ಚೀಟಿ ಎತ್ತಲು ಹೇಳಿದೆವು. 5 ಬಂತು. ಐದನೇ ಮನೆ, ಹದಿನೆಂಟನೇದು, ಮೂವತ್ತೊಂದನೇದು, ಹೀಗೇ ಮುಂದಕ್ಕೆ. ಎದುರಿಗೇ ಎತ್ತಿದ್ದರಿಂದ ಒಂದು ದೊಡ್ಡ ಲಾಭ ಆಯಿತು. "ನಮ್ಮನಿ ಯಾಕ ಬಿಟ್ರಿ?" ಅಂತ ಕೇಳೋರು ಪ್ರತಿ ಊರಲ್ಲೂ ಇರುತ್ತಾರೆ. ಜನ ಇದನ್ನು ಯಾವುದೋ ಯೋಜನೆ ಅಂದುಕೊಳ್ಳುತ್ತಾರೆ, ಇಲ್ಲಾ ರೇಷನ್ ಕಾರ್ಡ್ ರದ್ದು ಮಾಡೋಕೆ ಬಂದವರು ಅಂದುಕೊಳ್ಳುತ್ತಾರೆ. ಚೀಟಿ ನೋಡಿದ ಮೇಲೆ ಊರಿನವರೇ ಒಬ್ಬರಿಗೊಬ್ಬರು ಹೇಳಿ ಸಮಾಧಾನ ಮಾಡಿದರು. ಹಾಂ, ಕ್ರಮಬದ್ಧ ಪದ್ಧತಿಯಲ್ಲಿ ಒಂದು ಎಚ್ಚರ ಬೇಕು. ಆಶ್ರಯ ಮನೆಗಳು ಸಾಲಾಗಿ ಇದ್ದು, ಸಾಲಿಗೆ ಹತ್ತು ಮನೆ ಇದ್ದು, ನಮ್ಮ ಅಂತರವೂ ಹತ್ತೇ ಆಗಿ, ಶುರುವೇ ಮೂಲೆ ಮನೆಯಿಂದ ಆದರೆ ಪ್ರತಿ ಸಲ ಮೂಲೆ ಮನೆಯೇ ಬರುತ್ತದೆ. ಮೂಲೆ ಮನೆಯವರು ಅಂಗಡಿ ಇಟ್ಟಿರುತ್ತಾರೆ, ಅಂಗಡಿ ಇಟ್ಟವರು ಗುಳೆ ಹೋಗೋದು ಕಡಿಮೆ. ಅಂಥ ಕಡೆ ಮನೆಗಳ ಎಣಿಕೆಯ ದಾರಿ ಬದಲಾಯಿಸಿಕೊಂಡೆವು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಮೂವತ್ತೊಂದನೇ ಮನೆಗೆ ಬೀಗ.

ಸಾಮಾನ್ಯವಾಗಿ ಸರ್ವೆ ಹುಡುಗರಿಗೆ ಹೇಳಿಕೊಡೋದು ಏನು? ಬೀಗ ಇದ್ದರೆ ಪಕ್ಕದ ಮನೆ ತಗೋ. ಬೇರೆ ಎಷ್ಟೋ ಸರ್ವೆಗಳಲ್ಲಿ ಇದರಿಂದ ಆಗುವ ನಷ್ಟ ಸಣ್ಣದಿರಬಹುದು. ಗುಳೆಯ ಸರ್ವೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಆ ಬೀಗವೇ ನನ್ನ ಪ್ರಶ್ನೆಗೆ ಉತ್ತರ. ಅದನ್ನು ಬಿಟ್ಟು ಪಕ್ಕದ ಮನೆಗೆ ಹೋದರೆ ಊರಲ್ಲಿ ಉಳಿದವರ ಮಾತನ್ನು ಹೋದವರ ಹೆಸರಲ್ಲಿ ಬರೆದುಕೊಂಡ ಹಾಗೆ. ಅಮೆರಿಕದಲ್ಲಿ 1936ರಲ್ಲಿ ಒಂದು ಪತ್ರಿಕೆ ಅಧ್ಯಕ್ಷರ ಚುನಾವಣೆಗೆ ಮೊದಲು ಯಾರಿಗೆ ಓಟು ಅಂತ ಕೇಳಿ ಸುಮಾರು ಒಂದು ಕೋಟಿ ಜನರಿಗೆ ಕಾರ್ಡು ಕಳಿಸಿ, ಇಪ್ಪತ್ತು ಲಕ್ಷಕ್ಕೂ ಮೀರಿ ಉತ್ತರ ತರಿಸಿಕೊಂಡು, ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆಯಿತು. ಗೆದ್ದವರು ರೂಸ್ವೆಲ್ಟ್. ಅವರ ಪಟ್ಟಿ ಬಂದಿದ್ದು ಹೆಚ್ಚಾಗಿ ಫೋನು, ಕಾರು ಇದ್ದವರಿಂದ. ಅದರಲ್ಲೂ ಉತ್ತರ ಬರೆದವರು ಬೇರೆ ಥರದವರು, ಬರೆಯದವರು ಬೇರೆ ಥರದವರು. ಇಪ್ಪತ್ತು ಲಕ್ಷ ಉತ್ತರ ಇದ್ದರೂ ಸಿಗದವರ ಜಾಗ ತುಂಬೋದಿಲ್ಲ. ಅಂಥದ್ದರಲ್ಲಿ ನನ್ನ 768 ಯಾವ ಲೆಕ್ಕ?

ಆ ಮನೆಯ ಎದುರುಗಡೆ ಕಟ್ಟೆ ಮೇಲೆ ಒಬ್ಬ ಅಜ್ಜಿ ಹತ್ತಿ ಬಿಡಿಸುತ್ತಾ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಇವ್ರು ಬೆಂಗ್ಳೂರಿಗಿ ಹೋಗ್ಯಾರವ್ವಾ. ಅಲಾಯಿ ಹಬ್ಬಕ್ಕ ಬರ್ತಾರ."

"ಮಕ್ಕಳೂ ಹೋಗ್ಯಾರೇನಜ್ಜಿ?"

"ದೊಡ್ಡಾಕಿನ್ನ ಕರ್ಕೊಂಡು ಹೋಗ್ಯಾರ. ಸಣ್ಣ ಕೂಸು ಹಿಡ್ಯಾಕ ಯಾರರೆ ಬೇಕಲ್ಲವ್ವ? ನಡುವಿನವ ಅವ್ವನ ತವರಾಗ ಅದಾನ, ಸಾಲಿಗಿ ಹೊಕ್ಕಾನಂತ."

ಹತ್ತು ಹನ್ನೊಂದು ವರ್ಷದ ಹುಡುಗಿ. ಅವಳ ತಮ್ಮ ಶಾಲೆಗೆ ಹೋಗುತ್ತಾನೆ, ಅವಳು ಬೆಂಗಳೂರಿನ ಶೆಡ್ಡಿನಲ್ಲಿ ಕೂಸು ಎತ್ತಿಕೊಂಡಿರುತ್ತಾಳೆ. ನಾನು ಪಕ್ಕದ ಮನೆ ತೆಗೆದುಕೊಂಡಿದ್ದರೆ ಈ ಹುಡುಗಿ ನನ್ನ ಟೇಬಲ್ಲಿನಲ್ಲಿ ಎಲ್ಲೂ ಇರುತ್ತಿರಲಿಲ್ಲ. ಅವಳ ಬದಲು ಊರಲ್ಲೇ ಇದ್ದು ದಿನಾ ಶಾಲೆಗೆ ಹೋಗುವ ಇನ್ನೊಂದು ಮಗು ಬರುತ್ತಿತ್ತು. ರಾಯಚೂರಿನ ಮಕ್ಕಳು ಶಾಲೆಗೆ ಚೆನ್ನಾಗಿಯೇ ಹೋಗುತ್ತಿದ್ದಾರೆ ಅಂತ ಓದಿದವರು ಅಂದುಕೊಳ್ಳುತ್ತಿದ್ದರು.

ಬೀಗದ ಮನೆಗೆ ನಾವು ಮಾಡಿದ್ದು ಹೀಗೆ. ಮನೆಯ ನಂಬರ್ ಪಟ್ಟಿಯಲ್ಲಿ ಹಾಗೇ ಇರುತ್ತದೆ, ಬದಲಿ ಮನೆ ಇಲ್ಲ. ಬೀಗ ಯಾಕೆ ಅಂತ ಅಕ್ಕಪಕ್ಕದ ಎರಡು ಮನೆಯಲ್ಲಿ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳೋದು: ಹೊಲಕ್ಕೆ ಹೋಗಿದ್ದಾರಾ, ಮದುವೆಗೆ ಹೋಗಿದ್ದಾರಾ, ಗುಳೆ ಹೋಗಿದ್ದಾರಾ, ಊರು ಬಿಟ್ಟೇ ಹೋಗಿದ್ದಾರಾ. ಇವು ನಾಲ್ಕೂ ಬೇರೆ ಬೇರೆ. ಹೊಲಕ್ಕೆ ಹೋದವರಿಗೆ ಸಂಜೆ ಮತ್ತೆ ಹೋಗೋದು. ಗುಳೆ ಹೋದವರ ಫೋನ್ ನಂಬರ್ ಸಂಬಂಧಿಕರಿಂದ ಕೇಳೋದು, ಆದರೆ ನಾವೇ ನೇರವಾಗಿ ಫೋನ್ ಮಾಡದೆ ಮೊದಲು ಅವರ ಮನೆಯವರಿಂದ ಮಾಡಿಸಿ, ಅವರು ಹೂಂ ಅಂದಮೇಲೆ ಮಾತಾಡೋದು. ಮುಖ ನೋಡದೆ ಯಾರೋ ಫೋನ್ ಮಾಡಿ ನಿಮ್ಮ ಮಗಳು ಶಾಲೆಗೆ ಹೋಗುತ್ತಾಳಾ ಅಂದರೆ ಯಾರಿಗೆ ತಾನೆ ಭಯ ಆಗಲ್ಲ?

ಫೋನಿಗೆ ಸಿಗದವರಿಗೆ ಹಬ್ಬ. ಅಜ್ಜಿ ಹೇಳಿದ ಅಲಾಯಿ ಹಬ್ಬವೇ ಮೊಹರಂ. ಈ ಕಡೆ ಮೊಹರಂ ಅಂದರೆ ಜಾತಿ ಧರ್ಮ ನೋಡದೆ ಇಡೀ ಊರು ಸೇರುವ ಹಬ್ಬ, ಮುದಗಲ್ಲಿನದಂತೂ ಸುತ್ತ ಹತ್ತೂರಿಗೆ ಹೆಸರುವಾಸಿ. ಎಲ್ಲೇ ದುಡಿಯುತ್ತಿದ್ದರೂ ಅಲಾಯಿ ಕುಣಿಯೋಕೆ ಊರಿಗೆ ಬರುತ್ತಾರೆ. ಹಾಗಾಗಿ ನಮ್ಮ ಎರಡನೇ ಸುತ್ತನ್ನು ಮೊಹರಂ ಸುತ್ತಮುತ್ತ ಇಟ್ಟುಕೊಂಡೆವು, ಮೂರನೇದು ಯುಗಾದಿಗೆ. ಹಬ್ಬದ ದಿನವೇ ಹೋಗಿ ಪ್ರಶ್ನೆಪತ್ರಿಕೆ ಬಿಚ್ಚೋದು ಸರಿಯಲ್ಲ. ಹಬ್ಬ ಮುಗಿದ ಮಾರನೇ ದಿನದಿಂದ ಬಸ್ಸು ಹತ್ತುವ ದಿನದ ನಡುವೆ ಸಿಗುವ ಸಮಯ ಬಹಳ ಕಡಿಮೆ, ಆದರೆ ಸಾಕಾಗುತ್ತದೆ. ಬಾಗಿಲು ತೆರೆದ ಮೂವತ್ತೊಂದನೇ ಮನೆಗೆ ನಾನೇ ಹೋದೆ. ಆ ಹುಡುಗಿಯ ತಾಯಿ ನನ್ನ ಮಾತೆಲ್ಲ ಕೇಳಿ, "ನಾವು ಇಲ್ಲದಾಗೂ ಕೇಳ್ಕೊಂಡು ಬಂದಿದ್ರಂತಲ್ಲಕ್ಕಾರ, ಕುಂದರ್ರಿ" ಅಂದರು.

ಮನೆ ಸಿಕ್ಕಮೇಲೆ ಯಾವ ಮಗುವಿನ ಬಗ್ಗೆ ಕೇಳಬೇಕು? ತಂದೆ ತಾಯಿಗೇ ಬಿಟ್ಟರೆ ಶಾಲೆಗೆ ಹೋಗುವ ಮಗುವನ್ನು ಮುಂದೆ ತಂದು ನಿಲ್ಲಿಸುತ್ತಾರೆ, ಅದು ಸಹಜ. ಅಂಕಿಅಂಶ ತಜ್ಞ ಲೆಸ್ಲಿ ಕಿಶ್ 1949ರಲ್ಲಿ ಮನೆಯೊಳಗೆ ಒಬ್ಬರನ್ನು ಆರಿಸೋಕೆ ಒಂದು ಟೇಬಲ್ ಮಾಡಿಕೊಟ್ಟಿದ್ದಾರೆ. ಮಕ್ಕಳನ್ನು ವಯಸ್ಸಿನ ಪ್ರಕಾರ ಸಾಲಾಗಿ ಬರೆದು, ಟೇಬಲ್ ಹೇಳಿದ ಸಂಖ್ಯೆಯ ಮಗುವನ್ನು ತೆಗೆದುಕೊಳ್ಳಬೇಕು. ಊರಲ್ಲಿರುವ ಮಕ್ಕಳು ಮಾತ್ರ ಅಲ್ಲ, ಎಲ್ಲೇ ಇದ್ದರೂ ಆ ಮನೆಯ ಮಕ್ಕಳೆಲ್ಲ ಆ ಸಾಲಿನಲ್ಲಿ ಬರಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ಮನೆ ಸಿಗಲೇ ಇಲ್ಲ. ಅವರ ಬದುಕು ತಿಳಿಯೋಕೆ ನಾನು ಬೆಂಗಳೂರಿಗೆ ಹೋದೆ. ಅಲ್ಲಿ ರ‍್ಯಾಂಡಮ್ (ಚೀಟಿ ಎತ್ತಿ ಆರಿಸೋದು) ಅನ್ನೋ ಮಾತೇ ಇಲ್ಲ. ವೈಟ್‌ಫೀಲ್ಡ್ ಕಡೆ, ಯಲಹಂಕ ಕಡೆ ಕಟ್ಟಡ ಏಳುವ ಜಾಗದ ಪಕ್ಕ ತಗಡಿನ ಶೆಡ್ಡುಗಳು, ನೀಲಿ ತಾಡಪಾಲು. ಇವತ್ತು ಇದ್ದದ್ದು ಸ್ಲ್ಯಾಬ್ ಮುಗಿದಮೇಲೆ ಇರುವುದಿಲ್ಲ. ಪಟ್ಟಿ ಎಲ್ಲಿಂದ ಬರಬೇಕು? ಅಲ್ಲಿ ಸ್ನೋಬಾಲ್ ಬಿಟ್ಟು ಬೇರೆ ದಾರಿ ಇಲ್ಲ. ಒಬ್ಬರನ್ನು ಕಂಡು, ಅವರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು.

ಸುಲಭದ ದಾರಿ ಮೇಸ್ತ್ರಿ. ಒಬ್ಬ ಮೇಸ್ತ್ರಿಯ ನಂಬರ್ ಸಿಕ್ಕರೆ ಒಂದೇ ಸಂಜೆ ಹತ್ತಿಪ್ಪತ್ತು ಕುಟುಂಬ ಕೂರಿಸಿಕೊಡುತ್ತಾನೆ. ಆದರೆ ಅವನಿಂದಲೇ ಮುಂಗಡ ತಗೊಂಡವರು ಅವನ ಎದುರಿಗೆ ಏನು ಹೇಳಿಯಾರು? ಮಗುವೂ ಇಟ್ಟಿಗೆ ಹೊರುತ್ತದೆ ಅಂತ ಯಾರು ಬಾಯಿ ಬಿಡುತ್ತಾರೆ? ಅದಕ್ಕೆ ನಾನು ಊರಿನ ಕಡೆಯಿಂದಲೇ ಶುರು ಮಾಡಿದೆ. ಬೇರೆ ಬೇರೆ ಪದರದ ಊರು, ತಾಂಡಾ, ದೊಡ್ಡಿಗಳ ಅಜ್ಜಿಯರಿಂದ ಅವರ ಮಕ್ಕಳ ವಿಳಾಸ ಪಡೆದು, ಹೀಗೆ ಹಲವು ಕಡೆಯಿಂದ ಸರಪಳಿ ಶುರು ಮಾಡಿ, ಒಬ್ಬರಿಂದ ಮೂರು ಜನಕ್ಕಿಂತ ಜಾಸ್ತಿ ಹೆಸರು ತೆಗೆದುಕೊಳ್ಳಲಿಲ್ಲ. ಇಲ್ಲದಿದ್ದರೆ ಬಹಳ ಜನರ ಪರಿಚಯ ಇರುವವರ ಬಳಗವೇ ತುಂಬಿಹೋಗುತ್ತದೆ. 1997ರಲ್ಲಿ ಡಗ್ಲಸ್ ಹೆಕಥಾರ್ನ್ ಇದಕ್ಕೇ ಒಂದು ಬಿಗಿ ಪದ್ಧತಿ ಕೊಟ್ಟಿದ್ದಾರೆ, ಕೂಪನ್ ಕೊಟ್ಟು, ಯಾರು ಯಾರನ್ನು ಕರೆತಂದರು, ಯಾರಿಗೆ ಎಷ್ಟು ಜನ ಗೊತ್ತು ಅಂತ ಲೆಕ್ಕ ಇಟ್ಟು, ಕೊನೆಗೆ ತೂಕ ಹಾಕುವುದು. ಅದನ್ನು ಪೂರ್ತಿ ನಡೆಸುವಷ್ಟು ಜನ, ಹಣ ನಮ್ಮ ಹತ್ತಿರ ಇರಲಿಲ್ಲ. ಹಾಗಾಗಿ ಬೆಂಗಳೂರಿನ ಮಾತುಕತೆಯನ್ನು ಶೇಕಡಾವಾರು ಲೆಕ್ಕಕ್ಕೆ ಒಂದನ್ನೂ ಸೇರಿಸಲಿಲ್ಲ. ಅವು ಬೇರೆ ಅಧ್ಯಾಯ. ಎಷ್ಟು ಮಕ್ಕಳು ಅನ್ನೋದಕ್ಕೆ ಊರಿನ ಸರ್ವೆ ಉತ್ತರ ಕೊಡಬೇಕು, ಆ ಮಕ್ಕಳ ದಿನ ಹೇಗೆ ಕಳೆಯುತ್ತದೆ ಅನ್ನೋದಕ್ಕೆ ಶೆಡ್ಡಿನ ಮಾತು. ಹೊಸದೇನೂ ಕೇಳಿಬರುತ್ತಿಲ್ಲ ಅನ್ನಿಸಿದ ಮೇಲೆ ಅಲ್ಲಿ ನಿಲ್ಲಿಸಿದೆ.

ಮುಖ್ಯೋಪಾಧ್ಯಾಯರು, ಪಿಡಿಓ, ಮೇಸ್ತ್ರಿಗಳು, ಇವರನ್ನು ಉದ್ದೇಶಪೂರ್ವಕವಾಗಿಯೇ ಆರಿಸಿದೆ. ಅವರಿಗೆ ಗೊತ್ತಿರೋದು ಬೇರೆಯವರಿಗೆ ಗೊತ್ತಿರಲ್ಲ, ಅಲ್ಲಿ ಚೀಟಿ ಎತ್ತೋದಕ್ಕೆ ಅರ್ಥ ಇಲ್ಲ. ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ರಾತ್ರಿ ಬೆಂಗಳೂರು ಬಸ್ಸಿಗೆ ಕಾಯುತ್ತಾ ಮೂಟೆ ಪಕ್ಕ ಕೂತವರನ್ನೂ ಮಾತಾಡಿಸಿದೆ. ಕೈಗೆ ಸುಲಭವಾಗಿ ಸಿಕ್ಕವರು ಅವರು, ಕನ್ವೀನಿಯನ್ಸ್ ಸ್ಯಾಂಪಲ್. ಅವರಿಂದ ಪ್ರಶ್ನೆಪತ್ರಿಕೆ ತಿದ್ದಿಕೊಂಡೆ, ಅಷ್ಟೇ. "ವಲಸೆ ಹೋಗಿದ್ದೀರಾ?" ಅಂತ ಕೇಳಿದರೆ ಇಲ್ಲ ಅನ್ನುತ್ತಿದ್ದರು, "ದುಡಿಯಾಕ ಹೋಗಿದ್ರೇನ್ರಿ?" ಅಂದರೆ ಹೂಂ ಅನ್ನುತ್ತಿದ್ದರು. ಇಡೀ ಪ್ರಶ್ನೆಪತ್ರಿಕೆಯನ್ನು ಈ ಮಾತಿಗೆ ತಂದೆವು.

ಪ್ರಬಂಧ ಒಪ್ಪಿಸುವ ಮುಂಚಿನ ಸೆಮಿನಾರಿನಲ್ಲಿ ಒಬ್ಬರು ಹಿರಿಯರು ಕೇಳಿದರು. "ಬೀಗದ ಮನೆಗೆ ಬದಲಿ ಮನೆ ತಗೊಂಡಿದ್ದರೆ ನಿಮ್ಮ 768 ಪೂರ್ತಿ ತುಂಬುತ್ತಿತ್ತಲ್ಲಮ್ಮ, ಈಗ ಇಷ್ಟು ಖಾಲಿ ಕಾಣುತ್ತಿದೆ." ನಾನು ಪದರಗಳ ಪ್ರಕಾರ ಬೀಗದ ಮನೆಗಳನ್ನು ಬೇರೆ ಮಾಡಿ ತೋರಿಸಿದ ಟೇಬಲ್ ಹಾಕಿದೆ. ನೀರಾವರಿ ಊರುಗಳ ಸಾಲು, ಕೊನೇ ಭಾಗದ ಸಾಲು, ಒಣ ಊರುಗಳ ಸಾಲು. ಬೀಗ ಒಣ ಊರುಗಳಲ್ಲೇ ಗುಂಪಾಗಿ ನಿಂತಿತ್ತು, ಅಲ್ಲೂ ತಾಂಡಾ, ದೊಡ್ಡಿಗಳಲ್ಲಿ ಜಾಸ್ತಿ. ಅವರು ಟೇಬಲ್ಲನ್ನು ಸ್ವಲ್ಪ ಹೊತ್ತು ನೋಡಿ, ಇದನ್ನು ಕೊನೆಯ ಅನುಬಂಧದಿಂದ ತೆಗೆದು ಮುಖ್ಯ ಅಧ್ಯಾಯಕ್ಕೆ ತನ್ನಿ ಅಂದರು. ತಂದಿದ್ದೇನೆ. ಈ ಕಡೆ ಯಾವುದೇ ಸರ್ವೆಗೆ ಹೋಗುವವರು ನಮೂನೆ ಅಚ್ಚು ಹಾಕಿಸುವ ಮೊದಲು ಬೀಗದ ಕಾರಣಕ್ಕೆ ಒಂದು ಕಾಲಂ, ಮತ್ತೆ ಯಾವ ಹಬ್ಬಕ್ಕೆ ಬರುತ್ತಾರೆ ಅನ್ನೋದಕ್ಕೆ ಇನ್ನೊಂದು ಕಾಲಂ ಇಟ್ಟುಕೊಳ್ಳಿ.